ಕಿನ್ನಾಳದ ಬಣ್ಣ

ಪ್ರವಾಸಕ್ಕೆ ಹೊರಟ ವಿದ್ಯಾವಂತರ ಕಣ್ಣು ಬಹುಧಾ ಎರವಲಿನದು. ಪರರು ನೋಡತಕ್ಕದ್ದೆಂದು ಹೇಳಿದ್ದನ್ನೇ ಅದು ನೋಡುವದು. ಹಂಪೆಗೆ ಬಂದವರು ತುಂಗಭದ್ರೆಯ ಈಚೆಗಿರುವ ಕೊಪ್ಪಳ ಸೀಮೆಯನ್ನು ಗಾಡಿಯ ಕಿಟಕಿಯಿಂದಲೇ ಕಂಡು ಹೋಗುವರು. ರಸಿಕರೆನಿಸಿದ ಕೆಲವರು ಯಲಬುರ್ಗಿಯ ಕಡೆಗೆ ಹೊರಳಿ ಇಟಗಿಯ ಗುಡಿಯನ್ನು ನೋಡುವದುಂಟು. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಆ ಗುಡಿಯನ್ನು ಶಾಸನವೇ ದೇವಾಲಯ ಚಕ್ರವರ್ತಿಯೆಂದು ಹೊಗಳಿರುವದರಿಂದ ಅದನ್ನು ಮೆಚ್ಚುವದಕ್ಕೆ ಧೈರ್ಯವೇನೂ ಬೇಕಿಲ್ಲ.

ಧೈರ್ಯ ಬೇಕಾಗುವದು ಕಿನ್ನಾಳದಲ್ಲಿ. ಕೆಂಪು, ಹಸಿರು, ಹಳದಿಗಳು ಥಳಥಳಿಸುವ ಗೌರಿ ಗರುಡರನ್ನು ಕಂಡೊಡನೆ, ಶಿಲೆಯ ಬೂದುಬಣ್ಣಕ್ಕೆ ಒಗ್ಗಿದ ಅತಿಥಿಯು “ಬಣ್ಣ ಅತಿಯಾಯಿತು” ಎನ್ನುವನು. ಅವನು ಒಂದು ಗಳಿಗೆ ಕೂತು ಕೆಲಸವನ್ನು ನೋಡಲಿ. ಹಗುರವಾದ ಮರದಲ್ಲಿ ಕೆತ್ತಿದ ಅಂಗಗಳನ್ನು ಹುಣಿಸೆ ಬೀಜದ ಸರಿಯಿಂದ ಅಂಟಿಸುವರು. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟನ್ನೂ ಅದೇ ಸರಿಯನ್ನೂ ಕೂಡಿಸಿದರೆ ಕಿಟ್ಟವಾಯಿತು. ಅದನ್ನು ಕೈಯಿಂದ ಮೈತುಂಬ ಬಳಿದು, ಅರಿವೆಯ ತುಣುಕುಗಳನ್ನು ಹಚ್ಚಿ, ಮೇಲೆ ಹರಳುಕಲ್ಲಿನ ಪುಡಿಯ ಲೇಪವನ್ನು ಕೊಡುವರು. ಸರ, ಡಾಬು, ಕಿರೀಟಗಳು ಆ ಪುಡಿಗೆ ಅಂಟು ಬೆರಸಿದ ಪಾಕದಿಂದಲೇ ಉಬ್ಬಿ ಬರುವವು. ಬಣ್ಣವೆಂಬುದು ಇಷ್ಟೆಲ್ಲ ಆದಮೇಲಿನ ಮಾತು. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ರೇಖೆಗೊಬ್ಬರು, ಭೂಷಣಕ್ಕೊಬ್ಬರು, ವರ್ಣಕ್ಕೊಬ್ಬರೆಂದು ರಸಿಕರನ್ನು ಬೇರ್ಪಡಿಸಿದೆ. ಬಣ್ಣದ ಬೆಡಗನ್ನು ಸಾಮಾನ್ಯ ಜನರ ಪಾಲಿಗೆ ಬಿಟ್ಟಿದೆ. ಶಾಸ್ತ್ರವನ್ನೋದಿದವರ ಅಹಂಕಾರವು ಅಲ್ಲಿಂದಲೇ ಮೊಳೆತಿರಬಹುದು! ಹಂಪೆಯ ವಿರೂಪಾಕ್ಷನ ಮಂಟಪದ ಚಾವಣಿಯಲ್ಲಿ ಚಿತ್ರ ಬರೆದವರು ತಮ್ಮ ಪೂರ್ವಜರೆಂದು ಕಿನ್ನಾಳದ ಚಿತ್ರಗಾರರು ಹೇಳಿಕೊಳ್ಳುವರು. ಆ ಚಾವಣಿಯನ್ನು ಕತ್ತೆತ್ತಿ ಹೊಗಳಿದವನೇ ಇಲ್ಲಿ ಮೂಗು ಮುರಿಯುವದು ವಿಚಿತ್ರ.

ಇನ್ನೊಂದು ಆಕ್ಷೇಪವು ಇಷ್ಟು ಹಗುರವಲ್ಲ. ಊರದೇವಿಯ ಮರದ ಮೂರ್ತಿಯನ್ನು ಜಾತ್ರೆಗೆ ಮುಂಚೆ ಬಣ್ಣಕ್ಕೆ ಕೂಡ್ರಿಸುವರು. ಹಿಂದಿನ ಕೈಯ ಸೊಗಸಾದ ರೇಖೆಯು ಹೊಸ ಬಣ್ಣದಡಿಯಲ್ಲಿ ಅಡಗಿಹೋಗುವದು. ಕಲಾಪ್ರೇಮಿಯು ಇದಕ್ಕಾಗಿ ಮರುಗಿದರೆ ತಪ್ಪೆನ್ನಲಾಗದು. ಆದರೆ ಮಾಸಿದ ಮುಖದ ತಾಯಿಯನ್ನು ಬೀದಿಗೆ ಕರೆತರುವದು ಊರವರಿಗೆ ಹೇಗೆ ಸಾಧ್ಯ? ಅವಳು ವಸ್ತುಸಂಗ್ರಹಾಲಯಕ್ಕೆ ಹೊರಟವಳಲ್ಲ. ಮನೆಮನೆಯ ಮುಂದೆ ಉಡಿ ತುಂಬಿಸಿಕೊಳ್ಳಲು ಹೊರಟವಳು. ಬಣ್ಣ ಬಳಿಯುವ ಕೈಯಿರುವವರೆಗೆ ಹಳೆಯ ರೇಖೆ ಹೋದರೂ ಹೊಸದು ಹುಟ್ಟೀತು. ಆ ಕೈಗಳೇ ಈಗ ಕಡಿಮೆಯಾಗುತ್ತಿವೆ. ಭೌಗೋಳಿಕ ಸೂಚಕದ ಮನ್ನಣೆ ಕಿನ್ನಾಳಕ್ಕೆ ದೊರೆತಿದೆ. ಮನ್ನಣೆಯಿಂದ ಮಗನು ಕುಂಚ ಹಿಡಿಯುವನೆಂಬ ನಿಯಮವಿಲ್ಲ.

ಗಂಗಾವತಿಯ ಹತ್ತಿರ ಹಿರೇಬೆಣಕಲ್ಲಿನ ಗುಡ್ಡದ ಬಂಡೆಗಳ ಮೇಲೆಯೂ ಚಿತ್ರಗಳುಂಟು. ಕೆಮ್ಮಣ್ಣಿನ ಬಣ್ಣದ ಆ ಮನುಷ್ಯರಿಗೂ ಮೃಗಗಳಿಗೂ ಯಾರೂ ಮತ್ತೆ ಬಣ್ಣ ಹಚ್ಚಿಲ್ಲ. ಅವುಗಳ ಮುಂದೆ ದೀಪವಿಟ್ಟವರೂ ಕಾಣರು. ಬರೆದವರ ಮಕ್ಕಳು ಯಾವ ಊರಿನಲ್ಲಿರುವರೆಂದು ಕೇಳಿದರೆ ಕುರಿ ಕಾಯುವ ಹುಡುಗನು ನಗುವನು.