ಒಂದು ಮೊಳದ ದೂರ

ಮೈಸೂರಿನ ಇರ್ವಿನ್ ರಸ್ತೆ ಸಯ್ಯಾಜಿರಾವ್ ರಸ್ತೆಯನ್ನು ಕೂಡುವ ಕಡೆ ಕೆ.ಆರ್. ಆಸ್ಪತ್ರೆ; ಅದಕ್ಕೆ ಅಂಟಿಕೊಂಡಂತೆ ನಮ್ಮ ವೈದ್ಯಕೀಯ ಕಾಲೇಜು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ಅಲ್ಲಿಂದ ದೇವರಾಜ ಮಾರುಕಟ್ಟೆಗೆ, ಚಿಕ್ಕ ಗಡಿಯಾರಕ್ಕೆ ನಡೆದೇ ಹೋಗಬಹುದು. ಎಂಬಿಬಿಎಸ್‌ನ ಮೊದಲ ಆರು ತಿಂಗಳು ನಾನು ಓಡಾಡಿದ್ದು ಹೆಚ್ಚುಕಡಿಮೆ ಇಷ್ಟೇ ನೆಲದಲ್ಲಿ. ಆದರೂ ಇದನ್ನು ಪ್ರವಾಸವೆಂದೇ ಬರೆಯುತ್ತಿದ್ದೇನೆ. ಇಷ್ಟು ದೂರ ನಾನು ಹಿಂದೆಂದೂ ಹೋಗಿರಲಿಲ್ಲ.

ಡಿಸೆಕ್ಷನ್ ಹಾಲಿಗೆ ಕಾಲಿಡುವ ಮೊದಲೇ ಫಾರ್ಮಲಿನ್ ಘಾಟು ಕಣ್ಣಿಗೆ ಬಡಿಯುತ್ತದೆ. ಬಾಗಿಲಲ್ಲಿ ನಿಂತಿದ್ದ ಹಿರಿಯ ಅಟೆಂಡರ್, "ತಿಂಡಿ ತಿಂದ್ಕೊಂಡು ಬಂದಿದ್ದೀಯೇನಮ್ಮಾ? ಖಾಲಿ ಹೊಟ್ಟೇಲಿ ನಿಂತ್ರೆ ತಲೆ ಸುತ್ತುತ್ತೆ" ಎಂದರು. ಮೇಜುಗಳ ಸುತ್ತ ನಿಂತು ಎಲ್ಲರೂ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದೆವು: ಈ ದೇಹವನ್ನು ಗೌರವದಿಂದ ಕಾಣುತ್ತೇವೆ, ಕೊಟ್ಟವರ ಮನೆಯವರಿಗೆ ಋಣಿಯಾಗಿರುತ್ತೇವೆ. ಆಗ ನೆನಪಾದದ್ದು ಬೆಳಗಾವಿ. 2010ರಲ್ಲಿ ಅಲ್ಲಿ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ದೇಹವನ್ನು, ತಂದೆಯದೇ ಇಚ್ಛೆಯಂತೆ, ವಿದ್ಯಾರ್ಥಿಗಳ ಎದುರು ತಾವೇ ಛೇದಿಸಿ ಪಾಠ ಹೇಳಿದರು. ಅಪ್ಪನೂ ವೈದ್ಯರೇ. ಆ ಮಗನ ಕೈ ಅಂದು ಹೇಗೆ ಸ್ಥಿರವಾಗಿ ನಿಂತಿತು ಎಂಬುದು ನನಗೆ ಇವತ್ತಿಗೂ ಊಹೆಗೆ ನಿಲುಕದ ಸಂಗತಿ.

ನಮ್ಮ ದಾರಿ ಶುರುವಾದದ್ದು ಕತ್ತಿನ ಬುಡದ ಎಲುಬಿನಿಂದ, ಕ್ಲಾವಿಕಲ್‌ನಿಂದ. ಸೀನಿಯರ್ ಅಕ್ಕ ಕೊಟ್ಟ ಬೋನ್ ಸೆಟ್ಟಿನಲ್ಲಿ ಅದು ಕೈಬೆರಳಿಗಿಂತ ತುಸು ದಪ್ಪ, ಎರಡು ಕಡೆ ಬಳುಕಿದ ಸಣ್ಣ ಎಲುಬು. ಗರ್ಭದಲ್ಲಿ ಮೊಟ್ಟಮೊದಲು ಗಟ್ಟಿಯಾಗತೊಡಗುವುದು ಇದೇ. ತೋಳನ್ನು ಎದೆಯಿಂದ ಆಚೆ ತಳ್ಳಿ ಹಿಡಿದು, ಅದು ಎತ್ತಲೂ ತಿರುಗುವಷ್ಟು ಬಿಡುವು ಮಾಡಿಕೊಡುವುದೂ ಇದೇ. ಅದನ್ನು ಓದುತ್ತಿದ್ದ ವಾರದಲ್ಲೇ ದಸರೆ ಬಂತು. ಜಂಬೂಸವಾರಿ ಸಯ್ಯಾಜಿರಾವ್ ರಸ್ತೆಯಲ್ಲೇ ಸಾಗುತ್ತದೆ. ಜನರ ನಡುವೆ ತುದಿಗಾಲಲ್ಲಿ ನಿಂತು ನೋಡಿದೆ. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಹೆಜ್ಜೆಗೊಮ್ಮೆ ಭುಜವನ್ನು ನಿಧಾನವಾಗಿ ಉರುಳಿಸುತ್ತಿತ್ತು. ಆನೆಗೆ ಕ್ಲಾವಿಕಲ್ ಇಲ್ಲ! ಮುಂಗಾಲಿಗೂ ಎದೆಗೂಡಿಗೂ ನಡುವೆ ಎಲುಬಿನ ಕೊಂಡಿಯೇ ಇಲ್ಲ. ಆ ಮಹಾಕಾಯದ ಮುಂಭಾಗವೆಲ್ಲ ಎರಡು ಕಾಲುಗಳ ನಡುವೆ ಬರೀ ಮಾಂಸಖಂಡಗಳಲ್ಲಿ ತೂಗಿಕೊಂಡಿದೆ. ಸುತ್ತ ಎಲ್ಲರೂ ಅಂಬಾರಿಯೊಳಗಿನ ಚಾಮುಂಡೇಶ್ವರಿಗೆ ಕೈಮುಗಿಯುತ್ತಿದ್ದರು. ನಾನೂ ಮುಗಿದೆ, ಆ ಭುಜಕ್ಕೂ ಸೇರಿಸಿ.

ಆಮೇಲೆ ಕಂಕುಳು. ಕತ್ತಿನಿಂದ ಹೊರಟ ಐದು ನರಬೇರುಗಳು ಮೂರಾಗಿ ಕೂಡಿ, ಆರಾಗಿ ಕವಲೊಡೆದು, ಮತ್ತೆ ಮೂರಾಗಿ ಬೆಸೆದು, ಐದು ದೊಡ್ಡ ನರಗಳಾಗಿ ತೋಳಿಗಿಳಿಯುವ ಬ್ರೇಕಿಯಲ್ ಪ್ಲೆಕ್ಸಸ್. ಹಾಸ್ಟೆಲಿನಲ್ಲಿ ಅದನ್ನು ಬಿಡಿಸದ ಮೇಜಿಲ್ಲ. ಬಿ.ಡಿ. ಚೌರಾಸಿಯಾ ಪುಸ್ತಕದ ಚಿತ್ರ ನನಗೆ ತಲೆಗೆ ಹತ್ತಿದ್ದು ಕಾವೇರಿಯನ್ನು ನೆನೆದಾಗ: ಶ್ರೀರಂಗಪಟ್ಟಣದಲ್ಲಿ ಒಡೆದು ಕೂಡಿ, ತಿರುಮಕೂಡಲಿನಲ್ಲಿ ಕಪಿಲೆಯನ್ನು ಸೇರಿಸಿಕೊಂಡು, ಶಿವನಸಮುದ್ರದಲ್ಲಿ ಮತ್ತೆ ಕವಲಾಗಿ ಧುಮುಕುವ ಹೊಳೆ. ಕೊಬ್ಬನ್ನು ಫೋರ್ಸೆಪ್ಸ್‌ನಿಂದ ಎಳೆಎಳೆಯಾಗಿ ಬಿಡಿಸುತ್ತ ಹೋದಂತೆ ಬಿಳಿಯ ನರಗಳು ಒಂದೊಂದಾಗಿ ಮೇಲೆದ್ದವು, ಚಿತ್ರದಲ್ಲಿ ಇದ್ದಲ್ಲೇ. ಅಲ್ಲೇ ಇರುತ್ತವೆಂದು ಓದಿದ್ದೆ, ನಿಜ. ಆದರೂ ಇದ್ದವಲ್ಲ ಎಂದು ಮೈ ಜುಮ್ಮೆಂದಿತು.

ಬಯೋಕೆಮಿಸ್ಟ್ರಿಯ ಚಕ್ರಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಅವು ಪರೀಕ್ಷೆಗೆಂದು ಬಂದವು, ಹೋದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೈ.

ಬೆರಳುಗಳ ಒಳಗೆ ಬೆರಳನ್ನು ಮಡಿಸುವ ಒಂದೇ ಒಂದು ಸ್ನಾಯುವೂ ಇಲ್ಲ. ಎಳೆಯುವ ಬಲವೆಲ್ಲ ಅಂಗೈಯಲ್ಲಿ, ಮುಂಗೈಯಲ್ಲಿ. ಮೊಣಕೈ ಕೆಳಗಿನಿಂದ ಹೊರಟ ಸ್ನಾಯುಗಳು ಮಣಿಕಟ್ಟಿನ ಹತ್ತಿರ ಹೊಳೆಯುವ ಬಿಳಿ ರಜ್ಜುಗಳಾಗುತ್ತವೆ. ಒಂಬತ್ತು ರಜ್ಜು, ಜೊತೆಗೆ ಒಂದು ನರ, ಎಲ್ಲ ಒಂದೇ ಕಿರಿದಾದ ಸುರಂಗದಲ್ಲಿ ಒತ್ತಾಗಿ ನುಸುಳುತ್ತವೆ. ಮುಂದೆ ಹೆಬ್ಬೆರಳು ಬಿಟ್ಟು ಉಳಿದ ಪ್ರತಿ ಬೆರಳಿನಲ್ಲೂ ಮೇಲಿನ ರಜ್ಜು ತಾನೇ ಎರಡಾಗಿ ಸೀಳಿ, ಕೆಳಗಿನದಕ್ಕೆ ದಾರಿ ಬಿಡುತ್ತದೆ. ಆ ಸೀಳಿನಿಂದ ಹೊರಬಂದ ಆಳದ ರಜ್ಜು ಬೆರಳತುದಿಯವರೆಗೆ ಹೋಗುತ್ತದೆ. ಮೇಡಂ ಮುಂಗೈಯ ಸ್ನಾಯುವನ್ನು ಮೆಲ್ಲಗೆ ಎಳೆದರು. ಮೇಜಿನ ಮೇಲಿನ ಬೆರಳು ಮಡಿಸಿಕೊಂಡಿತು. ನಾವು ಯಾರೂ ಉಸಿರೆತ್ತಲಿಲ್ಲ.

ಆ ಸಂಜೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮಲ್ಲಿಗೆ ಕಟ್ಟುವ ಹೆಂಗಸಿನ ಮುಂದೆ ನಿಂತುಬಿಟ್ಟೆ. ಬಾಳೆನಾರು ಸುತ್ತಿ, ಹೂ ಜೋಡಿಸಿ, ಕುಣಿಕೆ ಬಿಗಿದು, ಮತ್ತೆ ಸುತ್ತಿ. ಹೆಬ್ಬೆರಳು ಎದುರು ಬೆರಳನ್ನು ಮುಟ್ಟಿ ಸರಿಯುವಾಗ ಅದರ ಬುಡದ ದಿಣ್ಣೆ ಸಣ್ಣಗೆ ಉಬ್ಬುತ್ತಿತ್ತು. ಮುಂಗೈಯ ಚರ್ಮದಡಿ ರಜ್ಜುಗಳು ಓಡುತ್ತಿದ್ದವು.

"ಏನವ್ವಾ ಹಂಗೆ ನೋಡ್ತಾ ನಿಂತ್ಕಂಡೆ? ಎಷ್ಟು ಮೊಳ ಬೇಕು?"

"ನಿಮ್ಮ ಕೈ ನೋಡ್ತಿದ್ದೆ ಅಕ್ಕಾ."

"ಕೈಲೇನೈತೆ? ನಾರು ಕುಯ್ದ ಗೆರೆ ಅಷ್ಟೇಯ" ಎಂದು ಮೊಣಕೈಯಿಂದ ನಡುಬೆರಳ ತುದಿಗೆ ಮಾಲೆ ಹಿಡಿದು ಒಂದು ಮೊಳ ಅಳೆದರು. ನಾನು ಅವಾಕ್ಕಾದೆ. ಬೆರಳತುದಿಯನ್ನು ಮಡಿಸುವ ಆ ಆಳದ ಸ್ನಾಯು ಹುಟ್ಟುವುದು ಮೊಣಕೈಯಿಂದ ಕೊಂಚ ಕೆಳಗೆ, ಮುಗಿಯುವುದು ಬೆರಳಿನ ಕೊನೆಯ ಎಲುಬಿನಲ್ಲಿ. ಹೂ ಕಟ್ಟಿದ ಸ್ನಾಯುವಿನ ಉದ್ದಕ್ಕೇ ಹೂ ಅಳೆಯುತ್ತಿದ್ದಾರೆ! ಎರಡು ಮೊಳ ಕೊಂಡೆ. ಒಂದನ್ನು ಮುಡಿದುಕೊಂಡೆ, ಇನ್ನೊಂದು ರೂಮ್‌ಮೇಟ್‌ಗೆ.

ಆಸ್ಪತ್ರೆಯ ಕಡೆಗೆ ನಮ್ಮನ್ನು ಮೊದಲ ಸಲ ಕರೆದೊಯ್ದಾಗ ಕಂಡ ಕೈಯೇ ಬೇರೆ. ಕುಷ್ಠದಿಂದ ಅಲ್ನಾರ್ ನರ ಸತ್ತ ರೈತರೊಬ್ಬರು. ಉಂಗುರದ ಬೆರಳು, ಕಿರುಬೆರಳು ಹಕ್ಕಿಯ ಪಂಜದಂತೆ ಬಾಗಿದ್ದವು. ಸರ್ ಆ ರೈತರ ಮೊಣಕೈಯ ಹಿಂದೆ ದಪ್ಪಗಾದ ನರವನ್ನು ಮುಟ್ಟಿ ತೋರಿಸಿ, ವೆಲ್ಲೂರಿನ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರ ಕೆಲಸ ಹೇಳಿದರು. 1940ರ ದಶಕದ ಕೊನೆಯಲ್ಲಿ ಬ್ರ್ಯಾಂಡ್ ಇಂಥ ಕೈಗಳನ್ನು ತಾಳ್ಮೆಯಿಂದ ಪರೀಕ್ಷಿಸಿದರು. ಅಂಗೈಯ ಸಣ್ಣ ಸ್ನಾಯುಗಳು ಸತ್ತರೂ ಮುಂಗೈಯಲ್ಲಿ ಬಲವಾದವು ಉಳಿದಿರುತ್ತವೆ. ಅಂಥದೊಂದರ ರಜ್ಜುವನ್ನು ಬಿಡಿಸಿ, ಬೆರಳಿಗೆ ಹೊಲಿದು, ಸತ್ತದ್ದರ ಕೆಲಸ ಕೊಟ್ಟರು. ಹೊಸ ಕೆಲಸವನ್ನು ರೋಗಿ ಅಭ್ಯಾಸದಿಂದ ಕಲಿಯುತ್ತಾರೆ. ಮತ್ತೆ ಅನ್ನ ಕಲೆಸುತ್ತಾರೆ, ಕುಡುಗೋಲು ಹಿಡಿಯುತ್ತಾರೆ. ಯಾವ ನರ ಯಾವ ಸ್ನಾಯುವಿಗೆ ಎಂದು ರಾತ್ರಿಯಿಡೀ ಬಾಯಿಪಾಠ ಮಾಡಿದ ಪಟ್ಟಿ ಆ ರೈತರ ಮುಂದೆ ನಿಂತಾಗ ಒಬ್ಬ ಮನುಷ್ಯನ ಊಟವಾಗಿ ಕಂಡಿತು. "ನನ್ ಕೈಗೂ ಮಾಡ್ತಾರಾ ತಾಯಿ?" ಎಂದು ಅವರು ಕೇಳಿದ್ದು ನನ್ನನ್ನೇ. ಸರ್ ಪಕ್ಕದಲ್ಲಿ ಕೂತು ಬಹಳ ಹೊತ್ತು ಅವರಿಗೆ ವಿವರಿಸಿದರು.

ಕೈಯ ಪಾಠ ಮುಗಿಯುವ ವಾರ ಹಾಸ್ಟೆಲಿನಲ್ಲಿ ವೈದ್ಯ ವಿಲಿಯಂ ಹಾರ್ವೆ ರಕ್ತಪರಿಚಲನೆ ಕುರಿತ 1628ರ ತನ್ನ ಪುಸ್ತಕದಲ್ಲಿ ತೋರಿಸಿದ್ದನ್ನು ಮಾಡಿ ನೋಡಿದೆವು. ರೂಮ್‌ಮೇಟ್ ನನ್ನ ತೋಳಿಗೆ ದುಪಟ್ಟಾ ಬಿಗಿದಳು. ಮುಂಗೈಯ ಅಭಿಧಮನಿಗಳು ಉಬ್ಬಿ, ಅಲ್ಲಲ್ಲಿ ಗಂಟುಗಳು ಕಂಡವು, ಕವಾಟಗಳು. ಒಂದು ಬೆರಳಿನಿಂದ ನಾಳವನ್ನು ಒತ್ತಿಹಿಡಿದು, ಇನ್ನೊಂದರಿಂದ ರಕ್ತವನ್ನು ಗಂಟಿನಾಚೆ ಮೇಲಕ್ಕೆ ಸವರಿದಳು. ನಾಳ ಬರಿದಾಯಿತು. ಮೇಲಿನಿಂದ ಕೆಳಗೆ ಒತ್ತಿದರೂ ರಕ್ತ ಹಿಂದೆ ಬರಲೊಲ್ಲದು. ಕವಾಟಗಳೆಲ್ಲ ತೆರೆಯುವುದು ಒಂದೇ ದಿಕ್ಕಿಗೆ, ಹೃದಯದ ಕಡೆಗೆ.

ನಮ್ಮ ಪಾಠವೂ ಈಗ ಆ ಕಡೆಗೇ. ಸೋಮವಾರದಿಂದ ಎದೆಗೂಡು.