ಸಿರಿಂಜಿನೊಳಗಿನ ಹರಳೆಣ್ಣೆ

ಸಿಂಧನೂರು ಸೀಮೆಯ ಎರೆಭೂಮಿಯಲ್ಲಿ ರಸ್ತೆ ಮಾಡುವುದೂ ಒಂದೇ, ನೀರಿನ ಮೇಲೆ ಬರೆಯುವುದೂ ಒಂದೇ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ಕಪ್ಪು ಮಣ್ಣು ತನ್ನ ಮೈಮೇಲಿನ ಡಾಂಬರನ್ನು ನೆಮ್ಮದಿಯಾಗಿರಲು ಬಿಡುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಈ ಭಾಗ ನೆಲ್ಲಿನ ಕಣಜವಾದ ಮೇಲಂತೂ ಚೀಲ ಹೇರಿದ ಟ್ರ್ಯಾಕ್ಟರು, ಲಾರಿಗಳ ಭಾರವೂ ಸೇರಿಕೊಂಡಿತು. ಸಾಲಗುಂದದ ಕಡೆ ಓಡಾಡುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಅವರ ಟೊಂಕವೇ ಹೇಳುತ್ತದೆ.

ಇದೇ ದಾರಿಯಲ್ಲಿ ಟಂಟಂ ಓಡಿಸುವ ಒಬ್ಬಾತನಿಗೂ ಪಾಲಿಟೆಕ್ನಿಕ್ ಓದುವ ಅವನ ಮಗನಿಗೂ ಒಂದು ಆಟದ ಕಾರಿನ ಸಲುವಾಗಿ ಮುನಿಸು. ಕಾರು ರೇಡಿಯೊ ನಿಯಂತ್ರಣದ್ದು. ಗೆಳೆಯನೊಬ್ಬ ಮುರಿದುಕೊಂಡು ಮೂಲೆಗೆ ಎಸೆದದ್ದನ್ನು ಹುಡುಗ ಅಗ್ಗಕ್ಕೆ ತಂದಿದ್ದ. ಮೋಟಾರು ಸರಿಯಿತ್ತು, ರಿಮೋಟು ಸರಿಯಿತ್ತು, ನಾಲ್ಕು ಶಾಕ್ ಅಬ್ಸಾರ್ಬರ್‌ಗಳು ಮಾತ್ರ ಮುರಿದಿದ್ದವು. ಹೊಸದಕ್ಕೆ ದುಡ್ಡಿಲ್ಲ. ತಾನೇ ಮಾಡುತ್ತೇನೆಂದು ಕುಳಿತ. "ದುಡಿಯೋ ವಯಸ್ಸಿನಾಗ ಗೊಂಬಿ ಆಡ್ತಾನ" ಎಂದು ಅಪ್ಪ ಗೊಣಗಿದ.

ಆಟಿಕೆಯೆಂದು ಮೂಗು ಮುರಿಯುವವರು ಅದರ ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು. 1984ರಲ್ಲಿ ಅಮೆರಿಕದಲ್ಲಿ ತಯಾರಾದ ಆರ್‌ಸಿ10 ಎಂಬ ಪುಟ್ಟ ಕಾರು ಹೆಸರು ಮಾಡಲು ಎಣ್ಣೆ ತುಂಬಿದ ಅದರ ಅಲ್ಯೂಮಿನಿಯಂ ಶಾಕ್‌ಗಳೂ ಒಂದು ಕಾರಣ. ನಿಜವಾದ ಕಾರಿನ ಹತ್ತನೇ ಒಂದು ಭಾಗದ ಗಾತ್ರದ ಗಾಡಿಗೆ ಅಂಗೈಯಗಲದ ಹೆಂಟೆಯೂ ಗುಡ್ಡ. ಸ್ಪ್ರಿಂಗೊಂದೇ ಇದ್ದರೆ ಆ ಗುಡ್ಡ ಹತ್ತಿ ಇಳಿದ ಗಾಡಿ ಕಪ್ಪೆಯಂತೆ ಕುಪ್ಪಳಿಸುತ್ತದೆ. ಸ್ಪ್ರಿಂಗು ಏಟನ್ನು ನುಂಗುವುದಿಲ್ಲ. ಕೈಗಡ ಇಸಕೊಂಡು ಮರುಗಳಿಗೆಯಲ್ಲೇ ತಿರುಗಿ ಕೊಡುತ್ತದೆ. ನುಂಗುವುದು ಎಣ್ಣೆ. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ತಿಣುಕಿ ನುಸುಳುವಾಗ ಅದು ಏಟಿನ ಬಲವನ್ನೆಲ್ಲ ಕಾವಾಗಿ ಮಾಡಿ ಗಾಳಿಗೆ ಬಿಡುತ್ತದೆ.

ಹುಡುಗ ಕೊಳವೆಗೆಂದು ಔಷಧಿ ಅಂಗಡಿಯಿಂದ 5 ಮಿಲಿಲೀಟರಿನ ಹೊಸ ಸಿರಿಂಜುಗಳನ್ನು ತಂದ. ಪಿಸ್ಟನ್ನಿಗೆ ಪ್ಲಾಸ್ಟಿಕ್ ಬಿಲ್ಲೆ, ಅದಕ್ಕೆ ಎರಡು ತೂತು. ದಂಡಕ್ಕೆ ಸೈಕಲ್ ಕಡ್ಡಿ. ದಂಡ ಹೊರಬರುವ ಬಾಯಲ್ಲಿ ಎಣ್ಣೆ ಸೋರದಂತೆ ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡು. ಪೆನ್ನಿನ ಸ್ಪ್ರಿಂಗು ಕಾರಿನ ಭಾರಕ್ಕೆ ನೆಲ ಕಚ್ಚಿತು. ಉಕ್ಕಿನ ತಂತಿಯನ್ನು ಸರಳಿಗೆ ಸುತ್ತಿ ಬೇರೆ ಮಾಡಿದ.

ಮೊದಲು ತುಂಬಿದ್ದು ಹೊಲಿಗೆ ಯಂತ್ರದ ಎಣ್ಣೆ. ಕೆಲವೇ ದಿನಗಳಲ್ಲಿ ವಾಲ್ವ್ ಟ್ಯೂಬು ಉಬ್ಬಿ ದಂಡ ಸಿಕ್ಕಿಕೊಂಡಿತು. ನೆಲದಡಿಯಿಂದ ಬಂದ ಎಣ್ಣೆಗೂ ಗಿಡದ ಹಾಲಿನಿಂದಾದ ರಬ್ಬರಿಗೂ ಹೊಂದಿಕೆಯಿಲ್ಲ. ಅಜ್ಜಿಯ ಸೀಸೆಯಲ್ಲಿದ್ದ ಹರಳೆಣ್ಣೆ ಸುರಿದ ಮೇಲೆ ಆ ತಂಟೆ ತಪ್ಪಿತು. ಹಿಂದೆ ಮೋಟಾರುಗಳ ಬ್ರೇಕ್ ದ್ರವದಲ್ಲೂ ಹರಳೆಣ್ಣೆಯೇ ಇರುತ್ತಿತ್ತೆಂಬುದು ಅಜ್ಜಿಗೇನು ಗೊತ್ತು? ಸೀಸೆ ಖಾಲಿಯಾದದ್ದಕ್ಕೆ ಬೈದಳು.

ಮುಂದಿನ ತೊಡಕು ಇನ್ನೂ ಸೊಗಸಾದದ್ದು. ಸಿರಿಂಜಿನ ಮೂತಿ ಮುಚ್ಚಿ, ಎಣ್ಣೆಯನ್ನು ಕಂಠಮಟ್ಟ ತುಂಬಿದರೆ ದಂಡ ಒಳಗೇ ಇಳಿಯದು. ದಂಡಕ್ಕೂ ಜಾಗ ಬೇಕಲ್ಲ, ಎಣ್ಣೆ ಕುಗ್ಗುವ ಪೈಕಿಯಲ್ಲ. ಗಾಳಿಗೆ ಚೂರು ಜಾಗ ಬಿಟ್ಟರೆ ನಾಲ್ಕು ಕುಲುಕಿಗೆ ಎಣ್ಣೆ ಮಜ್ಜಿಗೆಯಂತೆ ನೊರೆಗಟ್ಟುತ್ತದೆ, ನೊರೆಗೆ ತಡೆಯುವ ತಾಕತ್ತಿಲ್ಲ. ಕೊನೆಗೆ ಮೂತಿಯನ್ನು ತೆರೆದೇ ಇಟ್ಟು, ಅದರ ಮೇಲೆ ಬಲೂನಿನ ತುಂಡನ್ನು ಬಿಗಿದ. ದಂಡ ಒಳಬಂದಾಗ ಬಲೂನು ಅಷ್ಟೇ ಉಬ್ಬುತ್ತದೆ. ಕಂಪನಿಯವರು ಕೊಡುವ ರಬ್ಬರ್ ಪೊರೆಯ ಕೆಲಸವೂ ಇಷ್ಟೇ.

ಹದ ಮಾಡುವುದು ಮಾಡುವುದಕ್ಕಿಂತ ದೊಡ್ಡ ಕೆಲಸ. ಕಾರನ್ನು ಮೊಳದೆತ್ತರದಿಂದ ಬಿಡಬೇಕು. ಪುಟಿಯದೆ, ಹೊಟ್ಟೆ ಬಡಿಯದೆ, ಒಮ್ಮೆ ಕುಗ್ಗಿ ಎದ್ದು ನಿಲ್ಲಬೇಕು. ಎಣ್ಣೆ ಗಟ್ಟಿಯಾದಷ್ಟೂ ಒಳ್ಳೆಯದೆಂದು ತಿಳಿದರೆ ತಪ್ಪು. ಉಳುಮೆಯ ಸಾಲಿನಂಥ ಉಬ್ಬುತಗ್ಗುಗಳ ಮೇಲೆ ಓಡಿಸಿದಾಗ, ಒಂದು ಏಟಿಗೆ ಕುಗ್ಗಿದ ಶಾಕು ಚಾಚಿಕೊಳ್ಳುವ ಮೊದಲೇ ಇನ್ನೊಂದು ಏಟು ಬಿದ್ದು, ಕಾರು ಕುಸಿಯುತ್ತಾ ಹೋಯಿತು. ಇನ್ನೊಂದು ತೂತು ಕೊರೆದ ಮೇಲೆ ಸರಿಹೋಯಿತು.

ಜನವರಿಯಲ್ಲಿ ಕೂಡಿಬಂದ ಈ ಹದ ಮೇ ತಿಂಗಳಿಗೆ ಕೆಟ್ಟಿತು. ಹರಳೆಣ್ಣೆಯ ಮಂದತನ 20 ಡಿಗ್ರಿಯಿಂದ 40 ಡಿಗ್ರಿಗೆ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಅಷ್ಟೇ ಬಿಸಿಗೆ ಸಿಲಿಕೋನ್ ಎಣ್ಣೆ ಕಳೆದುಕೊಳ್ಳುವುದು ಮೂರನೇ ಒಂದರಷ್ಟು. ಈ ಕಾರುಗಳಿಗೆ ಸಿಲಿಕೋನನ್ನೇ ಬಳಸುವುದು ಸುಮ್ಮನೆ ಅಲ್ಲ. ಒಂದು ಸೀಸೆ ತರಿಸಲು ದುಡ್ಡು ಕೇಳಿದ್ದಕ್ಕೆ ಅಪ್ಪ ಕೊಟ್ಟ ಉತ್ತರ ಅಚ್ಚಿನಲ್ಲಿ ಬರುವಂಥದ್ದಲ್ಲ.

ಅಪ್ಪನ ಸಿಟ್ಟಿಗೂ ಕಾರಣವಿತ್ತು. ಟಂಟಂನ ಹಿಂದಿನ ಎರಡೂ ಶಾಕ್‌ಗಳು ಎಣ್ಣೆ ಸೋರಿ ಬತ್ತಿದ್ದವು, ಮೇಲೆ ಸಾಲದ ಕಂತು. "ಸ್ಪ್ರಿಂಗ್ ಗಟ್ಟಿ ಐತಿ, ಇನ್ನೊಂದ್ ವರ್ಷ ಓಡ್ತೈತಿ" ಎಂದು ದಿನ ದೂಡುತ್ತಿದ್ದ. ಆ ವಾರವೇ ತುಂಬಿದ ಬಸುರಿಯೊಬ್ಬಳನ್ನು ಸಿಂಧನೂರಿನ ಆಸ್ಪತ್ರೆಗೆ ಒಯ್ಯಬೇಕಾಯಿತು. ಹಿಂದೆ ಕುಳಿತ ಅವಳ ತಾಯಿ ದಾರಿಯುದ್ದಕ್ಕೂ "ನಿಧಾನ ಹೊಡಿ ಅಣ್ಣಾ" ಅನ್ನುವಳು, ಮರುಗಳಿಗೆ "ಲಗೂನ ನಡಿ ಅಣ್ಣಾ" ಅನ್ನುವಳು. ಗಾಡಿ ಒಂದು ಗುಂಡಿಗೆ ಮೂರು ಸಲ ಪುಟಿಯುತ್ತಿತ್ತು. ಹೆರಿಗೆ ಸುಸೂತ್ರವಾಯಿತು, ಅದು ಬೇರೆ ಮಾತು. ರಾತ್ರಿ ಮನೆಗೆ ಬಂದವನು ಊಟಕ್ಕೆ ಏಳಲಿಲ್ಲ.

ಹುಡುಗ ಏನೂ ಹೇಳದೆ ಕಾರಿನ ಹಿಂದಿನ ಎರಡು ಸಿರಿಂಜುಗಳ ಎಣ್ಣೆ ಬಸಿದು ತಂದು, ಅಪ್ಪನ ಮುಂದೆ ಮೊಳದೆತ್ತರದಿಂದ ಬಿಟ್ಟ. ಹಿಂಭಾಗ ಪುಟಿದು ಪುಟಿದು ಕಾರು ಮಗ್ಗುಲಾಯಿತು. ಎಣ್ಣೆ ತುಂಬಿ ಮತ್ತೆ ಬಿಟ್ಟ. ಕುಗ್ಗಿತು, ಎದ್ದಿತು, ನಿಂತಿತು.

"ಸ್ಪ್ರಿಂಗ್ ಎರಡೂ ಸಲ ಅದೇ ಯಪ್ಪಾ" ಎಂದ.

"ಹಂಗಾರ ಆ ಏಟು ಎಲ್ಲಿ ಹೋತು?"

"ಎಣ್ಣ್ಯಾಗ. ಎಣ್ಣಿ ಇಲ್ಲಂದ್ರ ಕುಂತವರ ಟೊಂಕದಾಗ."

ಬಂಡಿ ಕಟ್ಟಿದ ಕಾಲದಿಂದಲೂ ಈ ಏಟನ್ನು ಯಾರೋ ಒಬ್ಬರು ತಿನ್ನುತ್ತಲೇ ಬಂದಿದ್ದಾರೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಬಂಡಿಯ ಸುಧಾರಣೆಗೆಂದು ವರ್ಷಗಟ್ಟಲೆ ದುಡಿದದ್ದು ನೊಗದಡಿಯ ಎತ್ತಿನ ಹೆಗಲಿನ ಹುಣ್ಣು ಕಂಡು. ಟಂಟಂನಲ್ಲಿ ಎತ್ತಿಲ್ಲ, ಹುಣ್ಣು ಕಣ್ಣಿಗೆ ಬೀಳುವುದಿಲ್ಲ.

ಅಪ್ಪ ಮರುವಾರ ಒಂದೇ ಶಾಕ್ ತಂದು ಹಾಕಿಸಿದ, ಎಡಗಡೆಗೆ. ಗಾಡಿ ಗುಂಡಿಗೆ ಬಿದ್ದಾಗಲೆಲ್ಲ ಬಲಕ್ಕೆ ಓಲಾಡತೊಡಗಿತು. ಜೋಡಿಯಾಗಿಯೇ ಬದಲಿಸಬೇಕೆಂದು ಮಗ ಹೇಳಿದ್ದನ್ನು ಅವನು ಕೇಳಿಸಿಕೊಂಡದ್ದು ಪ್ರಯಾಣಿಕರು ಬಲಗಡೆ ಕೂರಲು ತಕರಾರು ತೆಗೆದ ಮೇಲೆ. ಈಗ ಎರಡೂ ಹೊಸವು. ಸಿಂಧನೂರಿನ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಬಗ್ಗಿ ಎರಡನ್ನೂ ಮುಟ್ಟಿ ನೋಡುತ್ತಾನೆ, ಬಿಸಿಯಾಗಿವೆಯೋ ಇಲ್ಲವೋ ಎಂದು. ಸಿಲಿಕೋನ್ ಎಣ್ಣೆಗೆ ಮಾತ್ರ ಇನ್ನೂ ದುಡ್ಡು ಬಿಚ್ಚಿಲ್ಲ. ಹುಡುಗ ಬೇಸಿಗೆಗೊಂದು, ಚಳಿಗೊಂದು ಎಂದು ಎರಡು ಜೊತೆ ಪಿಸ್ಟನ್ ಕೊರೆದಿಟ್ಟುಕೊಂಡಿದ್ದಾನೆ.