ಯುದ್ಧದೇವತೆಗೆ ಹೊಸ ವಸ್ತ್ರ

ಕ್ರಿ.ಪೂ. 438ರ ಬೇಸಿಗೆ. ಬೆಳಕು ಹರಿಯುತ್ತಿದೆ. ನೀವು ಅಥೆನ್ಸ್‌ನ ಹೆಬ್ಬಾಗಿಲ ಬಳಿ, ಕೆರಮೈಕಸ್ ಎಂಬ ಕುಂಬಾರಕೇರಿಯಲ್ಲಿ ನಿಂತಿದ್ದೀರಿ. ರಾತ್ರಿಯಿಡೀ ಊರು ಕಣ್ಣು ಮುಚ್ಚಿಲ್ಲ. ಪಂಜಿನ ಓಟ ಮುಗಿದು, ಬೆಂಕಿ ಬೆಟ್ಟದ ಮೇಲಿನ ಬಲಿಪೀಠ ಸೇರಿದೆ. ಇವತ್ತು ಅಥೀನಾ ದೇವಿ ಹುಟ್ಟಿದ ದಿನ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಮಹಾ ಪ್ಯಾನಥೆನೇಯ ಉತ್ಸವದ ಮೆರವಣಿಗೆ ಇನ್ನೇನು ಹೊರಡಲಿದೆ.

ಜನರ ನಡುವೆ ಜಾಗ ಮಾಡಿಕೊಂಡು ನೋಡಿ. ಬುಟ್ಟಿ ಹೊತ್ತ ಕನ್ಯೆಯರು, ಆಲಿವ್ ಟೊಂಗೆ ಹಿಡಿದ ಮುದುಕರು, ಕುದುರೆ ಪಳಗಿಸುತ್ತಿರುವ ಯುವಕರು, ಜೇನುಹಟ್ಟಿ ಮತ್ತು ಸಿಹಿರೊಟ್ಟಿಯ ತಟ್ಟೆ ಹೊತ್ತ ಪರಊರಿಂದ ಬಂದು ನೆಲೆಸಿದವರು. ಹಿಂದೆ ಬಲಿಗೆಂದು ತಂದ ಹಸುಗಳ ಸಾಲು. ಇವೆಲ್ಲಕ್ಕೂ ಜೀವವಾಗಿರುವುದು ಕೇಸರಿ ಬಣ್ಣದ ಒಂದು ಬಟ್ಟೆ: ದೇವಿಗೆ ಉಡಿಸುವ ಪೆಪ್ಲೊಸ್. ಒಂಬತ್ತು ತಿಂಗಳ ಹಿಂದೆ ಮಗ್ಗಕ್ಕೆ ಹಾಸು ಕಟ್ಟಿದ ದಿನದಿಂದ ಊರಿನ ಹೆಣ್ಣುಮಕ್ಕಳು ಇದನ್ನು ನೇಯ್ದಿದ್ದಾರೆ. ಹತ್ತಿರ ಬಂದಾಗ ಕಣ್ಣಿಟ್ಟು ನೋಡಿ. ದೈತ್ಯರನ್ನು ಅಥೀನಾ ಸದೆಬಡಿಯುತ್ತಿರುವ ಯುದ್ಧ ಅದರಲ್ಲಿ ಎಳೆಎಳೆಯಾಗಿ ಮೂಡಿದೆ. ಯುದ್ಧದ ದೇವತೆಯೇ ಮಗ್ಗದ ದೇವತೆಯೂ ಹೌದು. ಈ ಊರಿನವರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಸೇನೆ ನಡೆಸುವುದಕ್ಕೂ ಬಟ್ಟೆ ನೇಯುವುದಕ್ಕೂ ಮೊದಲು ಬೇಕಾದದ್ದು ಲೆಕ್ಕಾಚಾರ ಮತ್ತು ತಾಳ್ಮೆ.

ಮೆರವಣಿಗೆ ಸಂತೆಮೈದಾನವಾದ ಅಗೋರಾವನ್ನು ಹಾದು ಏರು ಹತ್ತತೊಡಗುತ್ತದೆ. ಬಿಸಿಲೇರಿದೆ, ದೂಳೆದ್ದಿದೆ. ಬಲಗಡೆಗೆ ಬೋಳು ಬಂಡೆಯ ಗುಡ್ಡ ಕಾಣುತ್ತದಲ್ಲ, ಅದು ಅರಿಯೊಪಾಗಸ್. ಇಪ್ಪತ್ತು ವರ್ಷದ ಕೆಳಗೆ ನಾಟಕಕಾರ ಎಸ್ಕಿಲಸ್ ಇದೇ ಗುಡ್ಡದ ಕಥೆಯನ್ನು ರಂಗಕ್ಕೆ ತಂದಿದ್ದ. ತಂದೆಯ ಕೊಲೆಗೆ ಸೇಡು ತೀರಿಸಲು ತಾಯಿಯನ್ನೇ ಕೊಂದ ಒರೆಸ್ಟಿಸ್, ಅವನ ರಕ್ತಕ್ಕೆ ಹಾತೊರೆದು ಬೆನ್ನಟ್ಟಿದ ಉಗ್ರದೇವತೆಯರು. ಅಥೀನಾ ಈಟಿ ಎತ್ತಲಿಲ್ಲ. ಊರಿನ ಪ್ರಜೆಗಳನ್ನು ಕರೆದು ನ್ಯಾಯಪೀಠ ಕೂರಿಸಿದಳು, ಎರಡೂ ಕಡೆಯ ಮಾತು ಕೇಳಿಸಿದಳು. ಮತಗಳು ಸರಿಸಮ ಬಿದ್ದಾಗ ಒರೆಸ್ಟಿಸ್ ಬಿಡುಗಡೆಯಾದ. ಸೋತು ಕುದಿಯುತ್ತಿದ್ದ ಉಗ್ರದೇವತೆಯರನ್ನೂ ಅವಳು ಓಡಿಸಲಿಲ್ಲ. ಸಮಾಧಾನಪಡಿಸಿ ಇದೇ ಊರಲ್ಲಿ ನೆಲೆ ಕೊಟ್ಟಳು. ಸೇಡಿನ ಸರಪಳಿ ಅಲ್ಲಿಗೆ ತುಂಡಾಯಿತು. ಗ್ರೀಕರಿಗೆ ಇನ್ನೊಬ್ಬ ಯುದ್ಧದೇವನಿದ್ದಾನೆ, ಅರೀಸ್. ನೆತ್ತರು ಕಂಡರೆ ಹಿಗ್ಗುವವನು. ಹೋಮರನ ಕಾವ್ಯದಲ್ಲಿ ತಂದೆ ಸ್ಯೂಸನೇ ಅವನನ್ನು ಮೆಚ್ಚುವುದಿಲ್ಲ. ಅದೇ ಕಾವ್ಯದಲ್ಲಿ ಕೋಪದಿಂದ ಕತ್ತಿ ಹಿರಿಯಹೊರಟ ವೀರ ಅಕಿಲಿಸನ ಕೂದಲು ಹಿಡಿದು ನಿಲ್ಲಿಸುವವಳು ಅಥೀನಾ.

ಬಾಗಿಲು ದಾಟಿ ಅಕ್ರೊಪೊಲಿಸ್ ಬೆಟ್ಟದ ನೆತ್ತಿಗೆ ಬಂದಿರಿ. ಎದುರಿಗೆ ಕಂಚಿನ ಅಥೀನಾ ಆಕಾಶಕ್ಕೆ ತಲೆಯೆತ್ತಿ ನಿಂತಿದ್ದಾಳೆ. ಎಡಕ್ಕೆ ಅವಳದೇ ಆಲಿವ್ ಮರ. ಈ ನಾಡು ಯಾರಿಗೆ ಸೇರಬೇಕು ಎಂಬ ಪಂದ್ಯದಲ್ಲಿ ಸಮುದ್ರದೇವ ಪೊಸೈಡನ್ ಬಂಡೆಗೆ ತ್ರಿಶೂಲ ಬೀಸಿ ಉಪ್ಪುನೀರಿನ ಬುಗ್ಗೆ ತೆರೆದ, ಇವಳು ಈ ಮರ ಬೆಳೆಸಿ ಗೆದ್ದಳು. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಬೆಟ್ಟಕ್ಕೆ ಬೆಂಕಿಯಿಟ್ಟಾಗ ಮರವೂ ಸುಟ್ಟಿತು, ಮರುದಿನವೇ ಮೊಳದುದ್ದ ಚಿಗುರೊಡೆದಿತ್ತು ಎಂದು ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಇಲ್ಲಿನ ಆಟಗಳಲ್ಲಿ ಗೆದ್ದವರಿಗೆ ಸಿಗುವ ಬಹುಮಾನವೂ ದೇವಿಯ ಮರಗಳ ಎಣ್ಣೆ ತುಂಬಿದ ಹೂಜಿಗಳೇ.

ಬಲಿಪೀಠದ ಹೊಗೆ ಕಣ್ಣುರಿಸುತ್ತದೆ. ಹಸುಗಳು ಒಂದೊಂದಾಗಿ ಬೀಳುತ್ತಿವೆ. ಮಾಂಸ ಕೆಳಗೆ ಜನರಿಗೆಲ್ಲ ಹಂಚಿಕೆಯಾಗುತ್ತದೆ. ನೇಯ್ದ ವಸ್ತ್ರ ಸಲ್ಲುವುದು ಆಕಾಶದಿಂದ ಬಿದ್ದದ್ದೆಂದು ಜನ ನಂಬುವ ಆಲಿವ್ ಮರದ ಹಳೆಯ ಮೂರ್ತಿಗೆ.

ಈ ವರ್ಷ ಮಾತ್ರ ಎಲ್ಲರ ಕಾಲೂ ಹೊಸ ಗುಡಿಯ ಕಡೆಗೆ ತಿರುಗಿದೆ. ಅದು ಪಾರ್ಥೆನಾನ್. ಪೆಂಟೆಲಿಕಸ್ ಬೆಟ್ಟದ ಅಮೃತಶಿಲೆಯ ಕಂಬಗಳ ಪಕ್ಕ ನಡೆದು ಪೂರ್ವದ ಬಾಗಿಲಿಗೆ ಬನ್ನಿ. ಗೋಪುರಮುಖದ ಶಿಲ್ಪಗಳ ಕೆಲಸ ಮುಗಿಯಲು ಇನ್ನೂ ಆರು ವರ್ಷ ಬೇಕು. ಆದರೆ ಒಳಗಿನ ಮೂರ್ತಿ ಇದೇ ವರ್ಷ ಪ್ರತಿಷ್ಠೆಯಾಗಿದೆ. ಒಳಗೆ ಕಾಲಿಡಿ. ಸುಮಾರು ಹನ್ನೆರಡು ಮೀಟರ್ ಎತ್ತರ. ಮೈ ದಂತ, ಉಡುಪು ಚಿನ್ನ. ಎದೆಯ ಮೇಲೆ ಹಾವುಗೂದಲಿನ ಮೆಡುಸಾಳ ಮುಖ, ಬಲ ಅಂಗೈಯಲ್ಲಿ ವಿಜಯದೇವಿ. ಗುರಾಣಿ ಎತ್ತಿ ಹಿಡಿದಿಲ್ಲ, ಪಕ್ಕದಲ್ಲಿ ನೆಲಕ್ಕೆ ಊರಿದ್ದಾಳೆ. ಅದರ ಮರೆಯಲ್ಲಿ ಹಾವು ಸುತ್ತಿಕೊಂಡಿದೆ. ಶಿಲ್ಪಿ ಫಿಡಿಯಾಸ್ ಕಡೆದಿರುವುದು ಕಾದಾಡುವವಳನ್ನಲ್ಲ, ಕಾದಾಟ ಮುಗಿಸಿ ನಿಂತವಳನ್ನು.

ಸಾವಿರ ಕಿಲೋಗೂ ಮಿಗಿಲಾದ ಆ ಚಿನ್ನವನ್ನು ಬಿಚ್ಚಿ ತೆಗೆಯುವಂತೆ ಜೋಡಿಸಲಾಗಿದೆ. ಇಲ್ಲಿಂದ ಏಳು ವರ್ಷಕ್ಕೆ, ಎದುರಾಳಿ ನಗರ ಸ್ಪಾರ್ಟಾದ ಮೇಲೆ ಯುದ್ಧ ಶುರುವಾದಾಗ, ಅಥೆನ್ಸ್‌ನ ನಾಯಕ ಪೆರಿಕ್ಲಿಸ್ ಊರಿನ ಬೊಕ್ಕಸ ಎಣಿಸುತ್ತಾ ದೇವಿಯ ಮೈಮೇಲಿನ ಚಿನ್ನವನ್ನೂ ಲೆಕ್ಕಕ್ಕೆ ಸೇರಿಸುತ್ತಾನೆ. ಕ್ರಿ.ಪೂ. 415ರಲ್ಲಿ ಇದೇ ಜನ ಎಚ್ಚರಿಕೆಯ ಮಾತು ಕೇಳದೆ ದೂರದ ಸಿಸಿಲಿಗೆ ನೌಕಾಪಡೆ ಕಳಿಸಿ, ಕೊನೆಗೆ ಅದನ್ನು ಪೂರ್ತಿ ಕಳೆದುಕೊಂಡರು. ಕ್ರಿ.ಪೂ. 404ರಲ್ಲಿ ಅಥೆನ್ಸ್ ಶರಣಾಯಿತು. ಈಟಿಗಿಂತ ಮೊದಲು ವಿವೇಕ ಎಂದು ಕಲಿಸಿದ ದೇವಿಯನ್ನು ಅವರು ಚಿನ್ನದಲ್ಲಿ ಕಟ್ಟಿ ನಿಲ್ಲಿಸಿದರು, ಅವಳ ಪಾಠವನ್ನು ಮರೆತರು. ಅವರನ್ನು ಸೋಲಿಸಿದ್ದು ಆ ಮರೆವು.